ಉಪ್ಪನ ಓಮ್ನಿಗೆ ನಾನು ಹಾಕಿಸಿದ ಆಯಿಲ್

ಶಾರ್ಜಾದಿಂದ ತಂಗಿಯ ಗಂಡ ವಾಟ್ಸಾಪಿನಲ್ಲಿ ವಾಯ್ಸ್ ಕಳಿಸಿದ್ದಾನೆ. "ಕಾರಿಗೆ ಸಿಂಥೆಟಿಕ್ ಆಯಿಲ್ ಹಾಕಿಸಲಾ, ಮಾಮೂಲಿ ಸಾಕಾ? ನೀವು ಮೆಕ್ಯಾನಿಕಲ್ ಕಲಿತವರಲ್ವಾ?" ಡಿಪ್ಲೊಮಾ ಮಾಡಿದವನಿಗೆ ಕುಟುಂಬದಲ್ಲಿ ಇದೊಂದು ಖಾಯಂ ಕೆಲಸ. ಮಿಕ್ಸಿ ನಿಂತರೂ ನಾನು, ಬಾವಿಯ ಪಂಪು ನಿಂತರೂ ನಾನು. ಅವನಿಗೆ ಉತ್ತರ ಕೊಡುವ ಮೊದಲು ಓಮ್ನಿಯ ಕಥೆ ಹೇಳಬೇಕು. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ, ನನ್ನೆದುರು ಯಾರೂ ಎತ್ತುವುದಿಲ್ಲ.

ಉಪ್ಪನಿಗೆ ಉಪ್ಪಳದಲ್ಲಿ ದಿನಸಿ ಅಂಗಡಿ. ಮಂಗಳೂರು ಬಂದರಿನಿಂದ ಅಕ್ಕಿ, ಬೆಲ್ಲ, ಮೆಣಸು ತರಲಿಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ ಓಮ್ನಿ ಇತ್ತು. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್, ಅದೂ ಮುಂದಿನ ಸೀಟಿನ ಅಡಿಯಲ್ಲಿ. ಎರಡು ವಾರಕ್ಕೊಮ್ಮೆ ಶುಕ್ರವಾರ ಜುಮಾಕ್ಕೆ ಹೋಗುವ ಮೊದಲು ಉಪ್ಪ ಸೀಟು ಎತ್ತಿ, ಆಯಿಲ್ ಕಡ್ಡಿ ಹೊರಗೆಳೆದು, ಹಳೆ ಮುಂಡಿನ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದರು. ಮಟ್ಟ ಇಳಿದಿದ್ದರೆ ಬಾಟಲಿಯಿಂದ ಸ್ವಲ್ಪ ಸುರಿಯುತ್ತಿದ್ದರು. ಹಾಕುತ್ತಿದ್ದದ್ದು 20ಡಬ್ಲ್ಯೂ-40 ಮಿನರಲ್ ಆಯಿಲ್. ಗಾಡಿ ಆಗಲೇ 1,40,000 ಕಿಲೋಮೀಟರ್ ದಾಟಿತ್ತು.

2013ರಲ್ಲಿ ನನ್ನ ಡಿಪ್ಲೊಮಾ ಮುಗಿಯಿತು. ಮೊದಲ ಸಂಬಳ ಬಂದಾಗ ಉಪ್ಪನಿಗೆ ಏನಾದರೂ ಮಾಡಬೇಕು ಅನ್ನಿಸಿತು. ಶರ್ಟ್ ಬಟ್ಟೆ ತರಬಹುದಿತ್ತು. ನಾನು ತಂದದ್ದು 5ಡಬ್ಲ್ಯೂ-30 ಫುಲ್ ಸಿಂಥೆಟಿಕ್, ಮಿನರಲ್‌ಗಿಂತ ಎರಡೂವರೆ ಪಟ್ಟು ಬೆಲೆಯದ್ದು. ಬದಲಾಯಿಸಿಕೊಟ್ಟು ಹೇಳಿದೆ: "ಇನ್ನು 15,000 ಕಿಲೋಮೀಟರ್ ತನಕ ಸೀಟು ಎತ್ತಲಿಕ್ಕಿಲ್ಲ. ಇದು ಕಲಿತವರು ಮಾಡಿದ ಆಯಿಲ್." ಉಪ್ಪ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಂಡಿನ ತುಂಡು ಅಂಗಡಿಯ ತಕ್ಕಡಿ ಒರೆಸಲಿಕ್ಕೆ ಹೋಯಿತು.

ನಾಲ್ಕು ಸಾವಿರ ಕಿಲೋಮೀಟರ್ ಓಡಿರಬಹುದು. ಉಮ್ಮನ ಕಣ್ಣು ತೋರಿಸಲಿಕ್ಕೆ ಮಂಗಳೂರಿಗೆ ಹೊರಟಿದ್ದೆವು, ಗಾಡಿ ಬಿಡುತ್ತಿದ್ದದ್ದು ನಾನೇ. ತಲಪಾಡಿ ದಾಟಿ ಸ್ವಲ್ಪ ದೂರದಲ್ಲಿ ಕೆಂಪು ದೀಪ ಮಿಣುಕಿತು, ಹಿಂದೆಯೇ ಸೀಟಿನ ಅಡಿಯಿಂದ ಟಕಟಕ ಶಬ್ದ. ನಿಲ್ಲಿಸಿ ಕಡ್ಡಿ ತೆಗೆದರೆ ತುದಿಯಲ್ಲಿ ಒಂದು ಹನಿಯೂ ಇಲ್ಲ. ಇಂಜಿನಿನಲ್ಲಿ ಹಿಡಿಯುವುದೇ ಮೂರು ಲೀಟರ್‌ಗಿಂತ ಕಡಿಮೆ, ಅದರಲ್ಲಿ ಎರಡು ಲೀಟರ್ ಉರಿದುಹೋಗಿತ್ತು. ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಯಿತು, ಕ್ರ್ಯಾಂಕ್ ಗೀರಿತು. ರಿಪೇರಿಗೆ 21,000 ರೂಪಾಯಿ. ಉಮ್ಮನ ಕುರಿ ಹಣ ಎತ್ತಿ ಕೊಟ್ಟದ್ದು. (ಘಟ್ಟದ ಮೇಲಿನವರು ಓದುತ್ತಿದ್ದರೆ: ನಮ್ಮಲ್ಲಿ ಕುರಿ ಎಂದರೆ ಚೀಟಿ ಫಂಡು, ನಾಲ್ಕು ಕಾಲಿನದ್ದಲ್ಲ.) ಕಣ್ಣಿನ ಡಾಕ್ಟರನ್ನು ಕಾಣಲಿಕ್ಕೆ ಮತ್ತೆ ಒಂದೂವರೆ ತಿಂಗಳು ಕಾಯಬೇಕಾಯಿತು. ಉಮ್ಮ ಅದರ ಬಗ್ಗೆ ಒಂದು ಮಾತೂ ಹೇಳಲಿಲ್ಲ, ಅದೇ ಕಷ್ಟವಾದದ್ದು.

ಗ್ಯಾರೇಜಿನ ಕಾಕ ಹೇಳಿದರು, "ಹಳೇ ಗಾಡಿಗೆ ಸಿಂಥೆಟಿಕ್ ಆಗುವುದಿಲ್ಲ, ಸೀಲ್ ತಿನ್ನುತ್ತದೆ." ಊರಲ್ಲಿ ಇಂದಿಗೂ ಈ ಮಾತಿದೆ. ಅದು ಆಯಿಲಿಗೆ ಮಾಡಿದ ಅನ್ಯಾಯ. ಈಗಿನ ಸಿಂಥೆಟಿಕ್ ಯಾವ ಸೀಲನ್ನೂ ತಿನ್ನುವುದಿಲ್ಲ. ಆ ಇಂಜಿನಿನ ರಿಂಗ್ ಸವೆದಿತ್ತು, ವಾಲ್ವಿನ ಸೀಲ್ ಮೊದಲೇ ಗಟ್ಟಿಯಾಗಿತ್ತು. ದಪ್ಪದ 40 ಆಯಿಲ್ ಹೇಗೋ ನಿಲ್ಲುತ್ತಿತ್ತು, ತೆಳು 30 ಬೇಗ ಬೇಗ ಉರಿಯಿತು. ಅದಕ್ಕೂ ದೊಡ್ಡ ತಪ್ಪೆಂದರೆ ನಾನು ನೋಡುವುದನ್ನೇ ನಿಲ್ಲಿಸಿದ್ದು. ಆ ಕೆಂಪು ದೀಪ ಹೇಳುವುದು ಆಯಿಲಿನ ಒತ್ತಡವನ್ನು, ಮಟ್ಟವನ್ನಲ್ಲ. ಆಯಿಲ್ ಕಡಿಮೆಯಾದ ಕಾರಣಕ್ಕೆ ಅದು ಹೊತ್ತಿಕೊಂಡಿತೆಂದರೆ ಪಂಪಿಗೆ ಎಳೆಯಲು ಆಯಿಲೇ ಸಿಗುತ್ತಿಲ್ಲ ಎಂದರ್ಥ.

ಈಗ ಪ್ರಶ್ನೆಗೆ ಬರುತ್ತೇನೆ. ಮಿನರಲ್ ಆಯಿಲ್ ಎಂದರೆ ನೆಲದ ಕಚ್ಚಾ ಎಣ್ಣೆಯನ್ನು ಶುದ್ಧ ಮಾಡಿದ್ದು. ಜರಡಿ ಹಿಡಿದ ಅಕ್ಕಿಯ ಹಾಗೆ: ಕಲ್ಲು, ಹೊಟ್ಟು ಹೋಗಿದೆ, ಆದರೆ ಇಡೀ ಕಾಳೂ ನುಚ್ಚೂ ಒಟ್ಟಿಗಿವೆ. ಬಿಸಿಯಾದಾಗ ಸಣ್ಣ ಅಣುಗಳು ಆವಿಯಾಗುತ್ತವೆ, ಚಳಿಯಲ್ಲಿ ಮೇಣದಂಥವು ಗಟ್ಟಿಯಾಗುತ್ತವೆ. ಸಿಂಥೆಟಿಕ್‌ನಲ್ಲಿ ಅಣುಗಳು ಬಹುಪಾಲು ಒಂದೇ ಅಳತೆಯವು. ಹಾಗಾಗಿ ಬಿಸಿಗೆ ಬೇಗ ಕೆಡುವುದಿಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬೇಗ ಮೇಲೇರುತ್ತದೆ. ಆದರೆ ಡಬ್ಬದ ಮೇಲೆ 'ಸಿಂಥೆಟಿಕ್' ಎಂದಿರುವುದೆಲ್ಲ ಒಂದೇ ಅಲ್ಲ. ಕೆಲವನ್ನು ರಾಸಾಯನಿಕವಾಗಿ ಹೊಸದಾಗಿ ಕಟ್ಟುತ್ತಾರೆ, ಅದು ಗ್ರೂಪ್ 4. ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಗ್ರೂಪ್ 3, ಅದೇ ಕಚ್ಚಾ ಎಣ್ಣೆಯನ್ನು ಹೈಡ್ರೋಜನ್ ಜೊತೆ ಒಡೆದು ಹದ ಮಾಡಿದ್ದು. ಅದನ್ನು ಸಿಂಥೆಟಿಕ್ ಎಂದು ಕರೆಯಬಹುದೋ ಎಂದು ಅಮೆರಿಕದಲ್ಲಿ ಎರಡು ಕಂಪನಿಗಳ ನಡುವೆ ಜಗಳವಾಗಿ, 1999ರಲ್ಲಿ ಜಾಹೀರಾತಿನ ತಕರಾರು ನೋಡುವವರು ಕರೆಯಬಹುದು ಎಂದರು. ಕೆಟ್ಟದ್ದೇನಲ್ಲ ಅದು. ಸೆಮಿ ಸಿಂಥೆಟಿಕ್ ಎಂದರೆ ಎರಡರ ಬೆರಕೆ. ಎಷ್ಟಕ್ಕೆ ಎಷ್ಟು ಎಂದು ಸಾಮಾನ್ಯವಾಗಿ ಡಬ್ಬ ಹೇಳುವುದಿಲ್ಲ. ದಿನಸಿ ಅಂಗಡಿಯವನ ಮಗನಿಗೆ ಬೆರಕೆ ಎಂದರೆ ಸ್ವಲ್ಪ ಸಂಶಯವೇ.

5ಡಬ್ಲ್ಯೂ ಎಂದರೆ ಸೊನ್ನೆಗಿಂತ 30 ಡಿಗ್ರಿ ಕೆಳಗೂ ಇಂಜಿನ್ ತಿರುಗುವಷ್ಟು ತೆಳುವಿರಬೇಕು, 15ಡಬ್ಲ್ಯೂ ಆದರೆ 20 ಡಿಗ್ರಿ ಕೆಳಗೆ. ಉಪ್ಪಳದಲ್ಲಿ ಅಂಥ ಚಳಿ ಬಂದರೆ ನಾವು ಕಾರಲ್ಲ, ಹಾಸಿಗೆಯಿಂದಲೇ ಏಳುವುದಿಲ್ಲ. ಅಷ್ಟಕ್ಕೇ ದುಡ್ಡು ಕೊಡಬೇಕಾಗಿಲ್ಲ. ನಮ್ಮ ತೊಂದರೆ ಬೇರೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಪಳ್ಳಿ, ಮದ್ರಸದಿಂದ ಮಕ್ಕಳು, ಎಲ್ಲ ಎರಡು ಮೂರು ಕಿಲೋಮೀಟರ್. ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್. ಒಳಗೆ ಹುಟ್ಟಿದ ನೀರಿನ ಅಂಶ, ಉರಿಯದ ಪೆಟ್ರೋಲ್ ಆಯಿಲಿನಲ್ಲೇ ಉಳಿಯುತ್ತವೆ. ಇಂಥ ಓಟಕ್ಕೆ ಎಷ್ಟು ದುಬಾರಿ ಆಯಿಲ್ ಹಾಕಿದರೂ ಮೀಟರ್ ನೋಡಿಕೊಂಡು ಕೂರುವಂತಿಲ್ಲ, ತಿಂಗಳು ಎಣಿಸಬೇಕು. ಇನ್ನು ಗಲ್ಫಿನವರ ಕಾರು. ಹತ್ತು ತಿಂಗಳು ಟಾರ್ಪಾಲಿನ ಅಡಿಯಲ್ಲಿ, ಎರಡು ತಿಂಗಳು ಮದುವೆ ಮನೆಗಳಿಗೆ. "ಎರಡು ಸಾವಿರ ಕಿಲೋಮೀಟರ್ ಸಹ ಓಡಿಲ್ಲ" ಎಂದು ಮೂರು ವರ್ಷ ಅದೇ ಆಯಿಲ್ ಇಟ್ಟವರನ್ನು ನಾನು ಬಲ್ಲೆ. ಓಡದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅದೂ ರಜೆ ಮುಗಿಸಿ ವಿಮಾನ ಹತ್ತುವ ಮೊದಲು, ಕೊಳೆಯಾದ ಆಯಿಲಿನಲ್ಲಿ ಇಂಜಿನ್ ತಿಂಗಳುಗಟ್ಟಲೆ ನೆನೆಯದ ಹಾಗೆ.

ಹಳೇ ಸಾದಾ ಇಂಜಿನ್‌ಗೆ ಪುಸ್ತಕ ಮಿನರಲ್ ಸಾಕೆಂದರೆ ಸಾಕು, ಹೊತ್ತಿಗೆ ಬದಲಾಯಿಸಿದರೆ ಆಯಿತು. ಟರ್ಬೊ ಇದ್ದರೆ ಸಿಂಥೆಟಿಕ್‌ಗೆ ಕೊಟ್ಟ ದುಡ್ಡು ದಂಡವಲ್ಲ, ಅಲ್ಲಿನ ಬಿಸಿಗೆ ಮಿನರಲ್ ಕರಕಲಾಗುತ್ತದೆ. ಹೊಸ ಡೀಸೆಲ್‌ಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದಕ್ಕೆ ಬೂದಿ ಕಡಿಮೆಯಿರುವ ಆಯಿಲೇ ಬೇಕು. ತಂಗಿಯ ಗಂಡನ ಕಾರು ಟರ್ಬೊ ಪೆಟ್ರೋಲ್. ಅದರಲ್ಲಿ ಆಯ್ಕೆ ಮಾಡಲಿಕ್ಕೇ ಏನೂ ಇಲ್ಲ, ಗ್ರೇಡ್ ಪುಸ್ತಕದಲ್ಲಿ ಬರೆದಿದೆ. ಬಿಲ್ ಕೊಡುವ ಅಂಗಡಿಯಿಂದ ಸೀಲ್ ಇರುವ ಡಬ್ಬ ತರಬೇಕು ಅಷ್ಟೆ. ಖಾಲಿ ಡಬ್ಬಕ್ಕೆ ಮೊಳೆ ಹೊಡೆದು ತೂತು ಮಾಡಿಯೇ ಎಸೆಯಬೇಕು, ಇಲ್ಲದಿದ್ದರೆ ಯಾರೋ ಅದಕ್ಕೆ ಕಳ್ಳ ಆಯಿಲ್ ತುಂಬಿಸಿ ಮಾರುತ್ತಾರೆ. ಇದನ್ನು ಕಲಿಸಿದ್ದು ಕಾಲೇಜಲ್ಲ, ಉಪ್ಪ. ತೆಂಗಿನೆಣ್ಣೆಯ ಟಿನ್ನಿಗೂ ಅವರು ಹಾಗೇ ಮಾಡುತ್ತಿದ್ದರು.

ಆ ದಿನ ಟೋ ಮಾಡಿಸಿಕೊಂಡು ಬಂದಾಗ ಉಪ್ಪ ಅಂಗಡಿಯ ಬಾಗಿಲಲ್ಲೇ ನಿಂತಿದ್ದರು. ಬೈಯುತ್ತಾರೆಂದು ಕಾದೆ. ಸೀಟು ಎತ್ತಿ, ಕಡ್ಡಿ ತೆಗೆದು ನೋಡಿ, ಹಾಗೇ ಒಳಗಿಟ್ಟರು. "ಆಯಿಲ್ ಒಳ್ಳೆಯದೇ ಮೋನೆ," ಎಂದರು, "ಇರಲಿಲ್ಲ, ಅಷ್ಟೆ."

ತಂಗಿಯ ಗಂಡ ಈ ಸಲ ಪೆರ್ನಾಲಿಗೆ ಬರುತ್ತಾನೆ. ಕಾರಿನ ಪುಸ್ತಕ ಹುಡುಕಿಡಲು ತಂಗಿಗೆ ಹೇಳಿದ್ದೇನೆ. ಮಕ್ಕಳ ಬ್ಯಾಗಿನಲ್ಲೆಲ್ಲೋ ಇದೆಯಂತೆ, ಗ್ರೇಡಿನ ಪುಟ ಉಳಿದಿದ್ದರೆ ಸಾಕು.