ಗೋಡೆ ಬಿತ್ತು, ಮನೆ ಉಳಿಯಿತು

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ರಾತ್ರಿ, ಸುಮಾರು ಎರಡು ಗಂಟೆಗೆ ನಮ್ಮ ಪಡಸಾಲೆಯ ಗೋಡೆ ಬಿತ್ತು. ಇಟ್ಟಿಗೆ ಗೋಡೆ. ಕೆಂಪು ಇಟ್ಟಿಗೆ, ನಡುನಡುವೆ ಬಿಳಿ ಗೆರೆ, ನೋಡಿದವರು ಒಮ್ಮೆ ಕೈಯಿಂದ ಸವರಿ ನೋಡುವಷ್ಟು ಚಂದ. ಧಪ್ಪೆಂದು ಬೀಳಲಿಲ್ಲ, ಹಳೆ ಸೀರೆ ಹರಿದ ಹಾಗೆ ಪರ್ರನೆ ಸದ್ದಾಯಿತು. ಕಳ್ಳ ಬಂದ ಎಂದು ಕೈಗೆ ಸಿಕ್ಕ ಲಟ್ಟಣಿಗೆ ಹಿಡಿದು ಓಡಿದೆ. ಲೈಟು ಹಾಕಿ ನೋಡಿದರೆ ಗೋಡೆ ಸೋಫಾದ ಮೇಲೆ ಬೋರಲು ಬಿದ್ದು ಮಲಗಿದೆ. ಕಳ್ಳನೇ ಆಗಿದ್ದರೆ ಚೆನ್ನಾಗಿತ್ತು. ಕಳ್ಳ ಬಂದಿದ್ದನ್ನು ಓಣಿಯಲ್ಲಿ ನಾಲ್ಕು ಮಂದಿಗೆ ಹೇಳಬಹುದು. ಗೋಡೆ ಕಳಚಿ ಬಿತ್ತು ಎಂದು ಯಾರಿಗೆ ಹೇಳುವುದು?

ಅದು ಫೋಮಿನ ಹಾಳೆ. ಹಿಂದಿನ ಕಾಗದ ಸುಲಿದು ಗೋಡೆಗೆ ಒತ್ತಿದರೆ ಸಾಕು, ಹತ್ತು ನಿಮಿಷದಲ್ಲಿ ಮನೆಯ ರೂಪವೇ ಬದಲಾಗುತ್ತದೆ ಎಂದು ಮೊಬೈಲಿನೊಳಗೆ ಒಬ್ಬಳು ನಗುನಗುತ್ತ ತೋರಿಸಿದ್ದಳು. ಆಕೆಯ ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಅಷ್ಟಕ್ಕೇ ನನಗೆ ತಿಳಿಯಬೇಕಾಗಿತ್ತು, ಇದು ನಮ್ಮ ಸೀಮೆಯ ವಿಡಿಯೋ ಅಲ್ಲ ಎಂದು. ನಮ್ಮ ಪಡಸಾಲೆಯದು ಪಡುವಣ ಗೋಡೆ. ಮಧ್ಯಾಹ್ನ ಎರಡರಿಂದ ಹೊತ್ತು ಮುಳುಗುವ ತನಕ ಸೂರ್ಯ ಅದಕ್ಕೆ ಬೆನ್ನು ಆನಿಸಿಕೊಂಡೇ ಕೂತಿರುತ್ತಾನೆ. ಬೇಸಿಗೆಯಲ್ಲಿ 42 ಡಿಗ್ರಿ ಎಂದರೆ ಕಲಬುರಗಿಯಲ್ಲಿ ಯಾರೂ ಹುಬ್ಬು ಏರಿಸುವುದಿಲ್ಲ. ಗೋಡೆ ಹೊರಗಿನಿಂದ ಕಾದು ಹಂಚಾಯಿತು, ಗೋಂದು ಬೆಣ್ಣೆಯಾಯಿತು. 1,800 ರೂಪಾಯಿಯ ಇಟ್ಟಿಗೆ ಹನ್ನೊಂದು ದಿನ ಬಾಳಿತು.

ಇದೆಲ್ಲ ಯಾಕೆ ಬೇಕಿತ್ತು ಅಂದರೆ, ಮೇ ತಿಂಗಳಲ್ಲಿ ಮಗಳ ಮದುವೆಯ ಮಾತಿಗೆ ಬೀಗರಾಗುವವರು ಬರುವವರಿದ್ದರು. ಆ ತಿಂಗಳಲ್ಲಿ ಕಲಬುರಗಿಗೆ ಬರುವವರು ಎರಡೇ ತರದವರು: ವರ್ಗವಾಗಿ ಬಂದವರು, ಬೀಗರಾಗಿ ಬಂದವರು. ಇಬ್ಬರಿಗೂ ಬೇರೆ ದಾರಿ ಇರುವುದಿಲ್ಲ. ನಮ್ಮಾಕೆ ಮನೆಗೆ ಒಂದು ಕಳೆ ಬರಬೇಕು ಎಂದಳು. ನಾನು ಹತ್ತು ಸಾವಿರ ಎಂದೆ. ಹತ್ತು ಸಾವಿರಕ್ಕೆ ಕಳೆ ಬರುವುದಿಲ್ಲ, ಬರೀ ಕಸ ಹೋಗುತ್ತದೆ ಎಂದಳು. ಆ ಮಾತು ನಿಜವಾಯಿತು, ಆದರೆ ಅವಳು ಹೇಳಿದ ಅರ್ಥದಲ್ಲಲ್ಲ.

ಮೊದಲ ಯೋಚನೆ ನೆಲದ ಮೇಲೆ ಹೋಯಿತು. ನಮ್ಮದು ಶಹಾಬಾದ್ ಫರಸಿ. ಇಲ್ಲಿನ ಹಳೆ ಮನೆಗಳಲ್ಲಿ ಬೇರೆ ಇನ್ನೇನಿರುತ್ತದೆ? ಪಕ್ಕದ ಶಹಾಬಾದಿನ ಸುಣ್ಣಗಲ್ಲು ನೆಲದಡಿಯಲ್ಲಿ ರೊಟ್ಟಿ ಪೇರಿಸಿಟ್ಟ ಹಾಗೆ ಪದರ ಪದರವಾಗಿದೆ. ಒಂದು ಉಳಿ ಇಟ್ಟು ಹೊಡೆದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಕೊಯ್ಯುವ ಖರ್ಚಿಲ್ಲ, ಅದಕ್ಕೇ ಅಗ್ಗ. ಅಗ್ಗವಾದದ್ದಕ್ಕೆ ನಮ್ಮಲ್ಲಿ ಮರ್ಯಾದೆ ಕಡಿಮೆ. ನೆಲಕ್ಕೂ ಅದೇ, ಅಡುಗೆ ಕಟ್ಟೆಗೂ ಅದೇ, ಗೋಡೆಯ ಹಲಗೆಗೂ ಅದೇ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೂ ಅದೇ, ಹೊರಗೆ ಹರಟೆ ಹೊಡೆಯುವ ಕಟ್ಟೆಗೂ ಅದೇ. ಮಹಾರಾಷ್ಟ್ರದಲ್ಲಿ ಇಂಥ ಕಲ್ಲಿಗೆಲ್ಲ ‘ಶಹಾಬಾದಿ ಫರಶಿ’ ಎಂದೇ ಹೆಸರು. ಊರಿನ ಹೆಸರೇ ಕಲ್ಲಿನ ಹೆಸರಾಗುವ ಭಾಗ್ಯ ಎಷ್ಟು ಊರಿಗಿದೆ? ಅದರ ಮೇಲೆ ಹೊಳೆಯುವ ಟೈಲ್ಸ್ ಹಾಕಿಸೋಣ ಎಂದು ಒಬ್ಬ ಗುತ್ತಿಗೆದಾರನನ್ನು ಕರೆಸಿದೆ. ಅವನು ಟೇಪು ಹಿಡಿದು ಅಳೆದು, ಹಣೆ ಒರೆಸಿಕೊಂಡು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಫರಸಿಯ ಮೇಲೆ ನಿಂತ. ಐದು ನಿಮಿಷ ಅಲ್ಲೇ ನಿಂತ. ಆಮೇಲೆ, “ಸಾಹೇಬ್ರ, ಟೈಲ್ಸ್ ಹಾಕಿಸ್ರಿ, ನಂಗ ದುಡ್ಡ ಬರ್ತದ. ಖರೇ ಹೇಳ್ಬೇಕಂದ್ರ ಬ್ಯಾಸಗಿಗಿ ಇದರಂಥಾ ಥಂಡ ಬ್ಯಾರೆ ಇಲ್ಲ” ಎಂದ. ತನ್ನ ಲಾಭದ ವಿರುದ್ಧ ಸಾಕ್ಷಿ ಹೇಳಿದ ಗುತ್ತಿಗೆದಾರನನ್ನು ನಾನು ಕಂಡದ್ದು ಅದೊಂದೇ ಸಲ. ಚಹಾ ಕುಡಿಸಿ ಕಳಿಸಿದೆ. ಫರಸಿಯನ್ನು ಸೋಡಾ ನೀರಿನಲ್ಲಿ ಉಜ್ಜಿ, ಒಣಗಿದ ಮೇಲೆ ಬಟ್ಟೆಗೆ ಒಂದಿಷ್ಟು ಎಣ್ಣೆ ಹಚ್ಚಿ ತಿಕ್ಕಿದೆವು. ಬೂದಿ ಬಣ್ಣದ ಕಲ್ಲು ಮಳೆಗಾಲದ ಮೋಡದ ಬಣ್ಣಕ್ಕೆ ತಿರುಗಿತು. ಒಂದು ದಿನ ಮಾತ್ರ ಅದರ ಮೇಲೆ ಎಲ್ಲರೂ ಜಾರುತ್ತಿದ್ದೆವು.

ಗೋಡೆ ಬಿದ್ದ ಸುದ್ದಿಯನ್ನು ಕಮಲಾಪುರದ ಸೋದರತ್ತೆಗೆ ಫೋನಿನಲ್ಲಿ ಹೇಳಿದೆ. ಎಂಬತ್ತರ ಹತ್ತಿರದ ಜೀವ. ಪೂರ್ತಿ ಕೇಳಿದಳು. “ಇದ್ದ ಗ್ವಾಡಿಗಿ ಮತ್ತೊಂದು ಗ್ವಾಡಿ ಯಾಕ ಬೇಕಾಗಿತ್ತೋ ತಮ್ಮಾ?” ಎಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. “ಐತ್ವಾರ ಬಾ” ಎಂದು ಫೋನಿಟ್ಟಳು.

ಕಮಲಾಪುರ ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ್ ಕ್ರಾಸ್ ದಾಟಿ ಮುಂದೆ ಸಿಗುತ್ತದೆ. ಈಗ ಅದು ತಾಲ್ಲೂಕು ಕೇಂದ್ರ. 2017ರಿಂದ ಬೀದರ್ ರೈಲೂ ಆ ಕಡೆಯಿಂದ ಓಡುತ್ತದೆ. ನನಗೆ ಬಸ್ಸೇ ಸರಿ. ಕಲಬುರಗಿಯ ಸುತ್ತ ಕರಿಮಣ್ಣು, ಕಣ್ಣು ಹಾಯಿಸಿದಷ್ಟು ತೊಗರಿ ಹೊಲ. ಕಮಲಾಪುರ ಹತ್ತಿರ ಬಂದಂತೆ ನೆಲ ಏರುತಗ್ಗಾಗುತ್ತದೆ, ಮಣ್ಣು ಕೆಂಪಗಾಗುತ್ತದೆ. ಕಿಟಕಿಯ ಪಕ್ಕ ಕೂತರೆ ಇಳಿಯುವ ಹೊತ್ತಿಗೆ ಅಂಗಿಯ ತೋಳಿಗೂ ಒಂದು ಕೈ ಹುರಮಂಜು ಬಳಿದಿರುತ್ತದೆ.

ಅತ್ತೆಯದು ಮಾಳಿಗೆ ಮನೆ. ಮೊಳದಗಲದ ಗೋಡೆ, ತೊಲೆ, ಜಂತಿ, ಮೇಲೆ ದಪ್ಪಗೆ ಮಣ್ಣು. ಹೊರಗೆ ಬಿಸಿಲು ಕಾಯ್ದ ಕಬ್ಬಿಣ ಸುರಿದ ಹಾಗಿದ್ದರೆ ಒಳಗೆ ಹೊಸ್ತಿಲು ದಾಟಿದ ಕೂಡಲೇ ಯಾರೋ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟ ಹಾಗಾಗುತ್ತದೆ. ಆ ಮನೆಯಲ್ಲಿ ಅಲಂಕಾರ ಎಂಬ ಮಾತನ್ನು ನಾನು ಕೇಳಿಯೇ ಇಲ್ಲ. ಗೋಡೆಗೆ ಸುಣ್ಣ, ಗೋಡೆಯ ಬುಡಕ್ಕೆ ಗೇಣಗಲ ಹುರಮಂಜಿನ ಪಟ್ಟೆ. ಪಟ್ಟೆ ಯಾಕೆ ಎಂದರೆ ನೆಲ ಸಾರಿಸುವಾಗ ಸಿಡಿದ ನೀರಿನ ಕಲೆ ಬಿಳಿ ಗೋಡೆಗೆ ಕಾಣಬಾರದು ಎಂದು. ಅಡುಗೆಮನೆಯ ಮೂಲೆಯಲ್ಲಿ ದೊಡ್ಡದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು ಎಂದು ಹಿತ್ತಾಳೆ ಕೊಡಗಳ ಉತ್ರಂಡಿ. ಅದರ ತುತ್ತತುದಿಯ ಚಂಬಿನಲ್ಲಿ ಅತ್ತೆಯ ದುಡ್ಡು ಇರುತ್ತದೆ ಎಂಬುದು ಮನೆಯ ಮಕ್ಕಳಿಗೆಲ್ಲ ಗೊತ್ತು. ಕೊಡ ಮುಟ್ಟಿದರೆ ಊರಿಗೇ ಕೇಳುವಂತೆ ಸದ್ದಾಗುತ್ತದೆ ಎಂಬುದು ಅತ್ತೆಗೆ ಗೊತ್ತು.

ಪಡಸಾಲೆಯ ಗೋಡೆಗೆ ಒಂದೇ ಚಿತ್ರ. ರಾಧಾಕೃಷ್ಣ. ಕ್ಯಾಲೆಂಡರಿನದು. ಕೆಳಗಿನ ತಾರೀಖುಗಳನ್ನು ಕತ್ತರಿಯಿಂದ ಕತ್ತರಿಸಿ ಹಾಕಿ, ಮೇಲಿನದಕ್ಕೆ ಗಾಜು ಹಾಕಿಸಿದ್ದು. ಅದು ಎಸ್.ಎಂ. ಪಂಡಿತರದು ಎಂದು ಮಾವ ಹೇಳುತ್ತಿದ್ದರು. ಇರಬಹುದು, ಇಲ್ಲದೆಯೂ ಇರಬಹುದು. ನಮ್ಮ ಕಡೆ ಚಂದ ಇರುವ ಕ್ಯಾಲೆಂಡರೆಲ್ಲ ಪಂಡಿತರದೇ. ಪಂಡಿತರು 1916ರಲ್ಲಿ ಗುಲಬರ್ಗಾದಲ್ಲಿ ಹುಟ್ಟಿದವರು. ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು ಬರೆದರು, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟ ಬರೆದರು, ಪುರಾಣದ ದೇವರುಗಳಿಗೆ ಸಿನಿಮಾ ನಟರ ಮೈಕಟ್ಟು ಕೊಟ್ಟರು. ಈಗ ಊರಿನಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಆದರೆ ಅವರ ನಿಜವಾದ ಗ್ಯಾಲರಿ ಮೊಳೆ ಹೊಡೆದ ಮನೆಮನೆಯ ಗೋಡೆ. ಅಂಗಡಿಯವನು ದೀಪಾವಳಿಗೆ ಪುಕ್ಕಟೆ ಕೊಟ್ಟ ಕ್ಯಾಲೆಂಡರಿನಲ್ಲಿ ಒಬ್ಬ ದೊಡ್ಡ ಕಲಾವಿದ ಬಂದು ಬಡವರ ಮನೆಯಲ್ಲಿ ಕೂರುತ್ತಿದ್ದ ಕಾಲ ಅದು. ಈಗಿನ ಕ್ಯಾಲೆಂಡರಿನಲ್ಲಿ ಅಂಗಡಿಯವನ ಫೋಟೊ ಇರುತ್ತದೆ. ಕತ್ತರಿಸಲು ಕೈ ಬರುತ್ತದೆ, ಗಾಜು ಹಾಕಿಸಲು ಬರುವುದಿಲ್ಲ.

“ನಿನ್ನ ಗ್ವಾಡಿ ಬಿದ್ದಾಗ ಬಣ್ಣನೂ ಕಿತ್ಕೊಂಡು ಬಂತೇನು?” ಎಂದು ಕೇಳಿದಳು ಅತ್ತೆ. ಹೌದು, ಪ್ಲಾಸ್ಟಿಕ್ ಬಣ್ಣವೆಲ್ಲ ಸುಲಿದು ಒಳಗಿನ ಗಿಲಾವು ಕಾಣುತ್ತಿದೆ ಎಂದೆ, ಅಳುವ ದನಿಯಲ್ಲಿ. ಆಕೆಯ ಮುಖ ಅರಳಿತು. “ಚಲೋ ಆತು ಬಿಡು. ಸುಣ್ಣ ಹಿಡೀತದ.”

ವಿಷಯ ಏನೆಂದರೆ, ಎಣ್ಣೆ ಬಣ್ಣ, ಪ್ಲಾಸ್ಟಿಕ್ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ, ಹಪ್ಪಳದ ಹಾಗೆ ಎದ್ದು ಬರುತ್ತದೆ. ಅದಕ್ಕೆ ನೀರು ಕುಡಿಯುವ ಗೋಡೆ ಬೇಕು. ನಾನು ಕೂಲಿ ಕೊಟ್ಟು ಕೆರೆಸಬೇಕಾಗಿದ್ದನ್ನು ಆ ಇಟ್ಟಿಗೆ ಹಾಳೆ ಪುಕ್ಕಟೆ ಮಾಡಿಕೊಟ್ಟಿತ್ತು. ಅತ್ತೆ ವಿಧಾನ ಹೇಳಿದಳು: ಹರಳು ಸುಣ್ಣ ನೀರಿಗೆ ಹಾಕಿ ರಾತ್ರಿಯಿಡೀ ಬಿಡು, ಹತ್ತಿರ ಹೋಗಬೇಡ, ಕುದಿಯುತ್ತದೆ. ಬಟ್ಟೆಯಲ್ಲಿ ಸೋಸು. ಒಂದಿಷ್ಟು ಅಂಟು, ಚಿಟಿಕೆ ನೀಲಿ. ಗೋಡೆಗೆ ಮೊದಲು ನೀರು ಚಿಮುಕಿಸು. ಸುಣ್ಣ ಮೊಸರಿನ ಹಾಗಲ್ಲ, ಮಜ್ಜಿಗೆಯ ಹಾಗಿರಬೇಕು. ಒಂದೇ ಸಲಕ್ಕೆ ದಪ್ಪ ಹೊಡೆದರೆ ಉದುರುತ್ತದೆ, ತೆಳ್ಳಗೆ ಮೂರು ಸಲ ಹೊಡಿ. ಅಟ್ಟದಿಂದ ಪುಂಡಿನಾರಿನ ಕುಂಚವೊಂದನ್ನು ಇಳಿಸಿ ಕೊಟ್ಟಳು.

ಮೊದಲ ಕೈ ಹೊಡೆದ ಸಂಜೆ ನಾನು ಕುಗ್ಗಿಹೋದೆ. ಗೋಡೆ ಒದ್ದೆಯಾದದ್ದು ಬಿಟ್ಟರೆ ಏನೂ ಕಾಣಲಿಲ್ಲ. ಬೂದುಬಣ್ಣದ ಮೇಲೆ ತೊಳೆದ ಅಕ್ಕಿನೀರು ಚೆಲ್ಲಿದ ಹಾಗೆ. ನಮ್ಮಾಕೆ ಏನೂ ಅನ್ನಲಿಲ್ಲ, ಅನ್ನದಿರುವುದರಲ್ಲೇ ಎಲ್ಲ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಗೋಡೆ ಬೆಳ್ಳಗೆ ನಗುತ್ತಿದೆ! ಒದ್ದೆಯಿದ್ದಾಗ ಸುಣ್ಣ ಪಾರದರ್ಶಕ, ಒಣಗುತ್ತ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಗಲ್ಲೇ ಆಗುತ್ತದೆ. ಕಲ್ಲು ಸುಟ್ಟು ಸುಣ್ಣ ಮಾಡಿದರೆ ಅದು ಗೋಡೆಯ ಮೇಲೆ ತಿರುಗಿ ಕಲ್ಲಾಗುತ್ತದೆ. ಅಂದರೆ ನಮ್ಮ ಮನೆಯ ನೆಲ ಮತ್ತು ಗೋಡೆ ಈಗ ಒಂದೇ ಕುಲ. ಉಳಿದ ಸುಣ್ಣವನ್ನು ನಮ್ಮ ತಾರಸಿಯ ಮೇಲೂ ಎರಡು ಕೈ ಹೊಡೆದೆ. ಬಿಸಿಲು ಬಂದ ದಾರಿಯಲ್ಲೇ ವಾಪಸು ಹೋಗಲಿ ಎಂದು. ರಾತ್ರಿ ಫ್ಯಾನು ಬಿಸಿಗಾಳಿ ಸುರಿಯುವುದು ಕಡಿಮೆಯಾಯಿತು. ಸುಣ್ಣ, ಅಂಟು, ನೀಲಿ ಎಲ್ಲ ಸೇರಿ 600 ರೂಪಾಯಿ ಮುಟ್ಟಲಿಲ್ಲ.

ಸುಣ್ಣ ಎಂದರೆ ಬಡತನ ಎನ್ನುವವರು ಒಮ್ಮೆ ನಮ್ಮೂರಿನ ಹಫ್ತ್ ಗುಂಬಜ್‌ಗೆ ಹೋಗಿ ಬರಬೇಕು. ಬಹಮನಿ ಸುಲ್ತಾನರ ಗೋರಿಗಳು. 1422ರಲ್ಲಿ ತೀರಿಕೊಂಡ ಫಿರೋಜ್ ಶಹನದು ಅದರಲ್ಲಿ ಎಲ್ಲಕ್ಕಿಂತ ಚೆಲುವಾದದ್ದು. ಅದರ ಒಳಗಿನ ಹೂಬಳ್ಳಿ, ಚಕ್ರಗಳನ್ನು ನೋಡಿ ಎಂಥ ಅಮೃತಶಿಲೆಯೋ ಎನ್ನಬೇಕು. ಅಲ್ಲ, ಗಚ್ಚು. ಒರಟು ಕಲ್ಲಿನ ಗೋಡೆ, ಮೇಲೆ ಸುಣ್ಣದ ಗಾರೆ, ಅದರಲ್ಲಿ ಕೈಚಳಕ. ಖಜಾನೆಯಿದ್ದ ಸುಲ್ತಾನನೇ ಸ್ಥಳೀಯ ಸುಣ್ಣದಲ್ಲಿ ಕೆಲಸ ಮುಗಿಸಿದ. ನಾನು ಹೋಗಿ ಫೋಮು ತರಿಸಿದೆ.

ಇನ್ನು ಸೋಫಾ. ಅದರ ರೆಕ್ಸಿನ್ನು ಬಿರಿದು ಬಾಯಿ ಬಿಟ್ಟಿತ್ತು. ಹೊಸ ಬಟ್ಟೆ ಹಾಕಿಸಲು ಸೂಪರ್ ಮಾರ್ಕೆಟ್ ಪೇಟೆಯಲ್ಲಿ ದರ ಕೇಳಿ ನೀರು ಕುಡಿದು ಬಂದೆ. ಪೆಟ್ಟಿಗೆಯಲ್ಲಿ ಅವ್ವ ಹೊಲಿದ ಕೌದಿ ಇತ್ತು. ಅಜ್ಜಿಯ ಇಳಕಲ್ ಸೀರೆಯ ಸೆರಗು, ಅಪ್ಪನ ಪಂಚೆ, ನನ್ನ ಶಾಲೆಯ ಖಾಕಿ ಚಡ್ಡಿ, ಅಕ್ಕನ ಲಂಗ, ಎಲ್ಲ ಅದರಲ್ಲಿ. ಅದನ್ನೇ ಸೋಫಾದ ಮೇಲೆ ಹಾಸಿದೆವು. ಬೀಗರ ಕಣ್ಣಿಗೆ ಕೌದಿ ಬೀಳಬಾರದು ಎಂದು ಮಗಳು ಮೊದಲು ತಕರಾರು ಮಾಡಿದಳು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಇಂಥದ್ದಕ್ಕೇ ಆರು ಸಾವಿರ ಚೀಟಿ ಅಂಟಿಸಿದ್ದನ್ನು ಅವಳ ಗೆಳತಿ ಫೋಟೊ ಕಳಿಸಿದ ಮೇಲೆ ಸುಮ್ಮನಾದಳು. ನನ್ನ ಖಾಕಿ ಚಡ್ಡಿಗೆ ಇಷ್ಟು ಬೆಲೆ ಇದೆ ಎಂದು ನನಗೂ ಅಂದೇ ತಿಳಿದದ್ದು.

ಬೀಗರು ಬರುವ ಮುನ್ನಾದಿನ ಕಮಲಾಪುರದಿಂದ ಬಸ್ಸಿನಲ್ಲಿ ಒಂದು ಕೆಂಪು ಬಾಳೆಗೊನೆ ಬಂತು. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು ಎಂದು ಊರೆಲ್ಲ ಸಂಭ್ರಮಪಟ್ಟಿತಲ್ಲ, ಕಮಲಾಪುರದ ಕೆಂಪು ಬಾಳೆಗೆ ಅದಕ್ಕೂ ಮೊದಲೇ ಸಿಕ್ಕಿತ್ತು. ಹೆಚ್ಚು ಗೊಬ್ಬರ, ಹೆಚ್ಚು ನೀರು, ಹೆಚ್ಚು ಕೈಗೆಲಸ ಬೇಡುವ ಹಟಮಾರಿ ಬೆಳೆ. ಸಿಪ್ಪೆ ಹಳೆ ಇಟ್ಟಿಗೆಯ ಕೆಂಪು, ಒಳಗೆ ಕೆನೆ. ಅತ್ತೆಯ ಮನೆಯಲ್ಲಿ ಅದನ್ನು ಜಂತಿಗೆ ನೇತುಹಾಕುತ್ತಾರೆ. ನಮ್ಮದು ಕಾಂಕ್ರೀಟು, ಜಂತಿಯಿಲ್ಲ. ಪಡಸಾಲೆಯ ನಡುವೆ ಸೂರಿನಲ್ಲಿ ಮಗಳ ತೊಟ್ಟಿಲು ಕಟ್ಟಿದ್ದ ಕಬ್ಬಿಣದ ಕೊಂಡಿಯೊಂದಿತ್ತು. ಇಪ್ಪತ್ತೈದು ವರ್ಷದಿಂದ ಖಾಲಿ. ಅದಕ್ಕೇ ಹಗ್ಗ ಹಾಕಿ ಗೊನೆ ಇಳಿಬಿಟ್ಟೆವು. ಬಿಳಿ ಗೋಡೆ, ಕಪ್ಪು ಫರಸಿ, ನಡುವೆ ಕೆಂಪು ಗೊನೆ. ನಮ್ಮಾಕೆ ಬಾಗಿಲಲ್ಲಿ ನಿಂತು ನೋಡಿ, “ಸಾಕು, ಇನ್ನ ಏನೂ ತರಬ್ಯಾಡ್ರಿ” ಎಂದಳು. ಹತ್ತು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಬೀಗರು ಬಂದರು. ಗೋಡೆ ನೋಡಲಿಲ್ಲ, ಕೌದಿ ನೋಡಲಿಲ್ಲ. ತಲೆ ಎತ್ತಿ ಗೊನೆ ನೋಡಿದರು. ಒಂದು ಗಂಟೆಯಲ್ಲಿ ನಮ್ಮ ಅಲಂಕಾರದ ಎರಡು ಚಿಪ್ಪು ತಿಂದು, ದಿನಾಂಕ ಗೊತ್ತು ಮಾಡಿ ಎದ್ದರು.

ಅಂದಿನಿಂದ ವರ್ಷಕ್ಕೆರಡು ಸಲ ಗೊನೆ ಬರುತ್ತದೆ, ಅದೇ ಕೊಂಡಿಗೆ ತೂಗುತ್ತದೆ. ಮೊನ್ನೆ ಬಂದದ್ದರಲ್ಲಿ ಇನ್ನೂ ಮೂರು ಚಿಪ್ಪು ಇವೆ. ಹಾದಿಯಲ್ಲಿ ಹೋಗುವವರು ಯಾರಾದರೂ ಸರಿ, ಬಂದು ತಿಂದು ಬೇಗ ಮುಗಿಸಿಕೊಡಿ. ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಳೆ, ಶ್ರಾವಣದ ಹೊತ್ತಿಗೆ ನಮಗೆ ಆ ಕೊಂಡಿ ಬೇಕು.