ಹೆಗಲಿಗೂ ಒಬ್ಬ ಡಾಕ್ಟರ್

ನಮ್ಮ ಕಿಣ್ಣಿ ಸುಲ್ತಾನದಲ್ಲಿ ಎತ್ತಿನ ಹೆಗಲು ಬಾತರೆ ಅದಕ್ಕೆ ರಜೆ ಸಿಗುತ್ತದೆ. ನೊಗ ಇಳಿಸಿ, ಅರಿಶಿನ ಎಣ್ಣೆ ಹಚ್ಚಿ, ನಾಲ್ಕು ದಿನ ಗೋದಲಿಯ ಮುಂದೆ ಕಟ್ಟುತ್ತಾರೆ. ಮನುಷ್ಯರ ಹೆಗಲಿಗೆ ಆ ಸವಲತ್ತಿಲ್ಲ. ಅದು ಇರುವುದೇ ಹೊರಲಿಕ್ಕೆ. ಹೆಗಲು ನೋವೆಂದು ಡಾಕ್ಟರ ಬಳಿ ಹೋಗುವುದು ಮೈಗಳ್ಳತನದ ಒಂದು ಬಗೆ. ಹೀಗಿರುವಾಗ ಕಾಕಾನ ಮಗ ಎಂ.ಎಸ್. ಮುಗಿಸಿ ಬಂದು, "ನಾ ಇನ್ನ ಬರೇ ಭುಜದ ಮ್ಯಾಲ ಕಲೀತೀನಿ" ಎಂದಾಗ ಮನೆಯಲ್ಲಿ ಯಾರಿಗೂ ಅದೊಂದು ಉದ್ಯೋಗ ಅನ್ನಿಸಲಿಲ್ಲ. "ಉಳಿದ ಮೈ ಯಾರ್ ನೋಡ್ಬೇಕೋ?" ಎಂದು ಕಾಕಾ ಕೇಳಿದ.

ಕಾಕಾನ ಪ್ರಶ್ನೆಯಲ್ಲಿ ಲೆಕ್ಕಾಚಾರವಿತ್ತು. 371(ಜೆ) ಮೀಸಲಾತಿಯಲ್ಲಿ ಹುಡುಗನಿಗೆ ಕಲಬುರಗಿಯಲ್ಲೇ ಎಂಬಿಬಿಎಸ್ ಸೀಟು ಸಿಕ್ಕಿತ್ತು. ಹೌಸ್‌ಮನ್‌ಶಿಪ್ ಸೇರಿ ಐದೂವರೆ ವರ್ಷ, ಎಲುಬು-ಕೀಲಿನ ಎಂ.ಎಸ್. ಮೂರು ವರ್ಷ, ಈಗ ಭುಜಕ್ಕೆಂದು ಬೆಂಗಳೂರಿನಲ್ಲಿ ಮತ್ತೊಂದು ವರ್ಷ. ನಡುವೆ ಪ್ರವೇಶ ಪರೀಕ್ಷೆಗೆ ಓದಿದ ತಿಂಗಳುಗಳನ್ನು ಬಿಟ್ಟರೂ ಒಂಬತ್ತೂವರೆ ವರ್ಷ. ಅವನ ಜೊತೆ ಸಾಲಿ ಕಲಿತವರಿಗೆ ಅಷ್ಟರಲ್ಲಿ ಎರಡೆರಡು ಮಕ್ಕಳು.

ಯಾಕೆ ಭುಜವೇ ಎಂದು ನಾನೂ ಕೇಳಿದ್ದೆ. ಅಡುಗೆಮನೆಯಿಂದ ಒಂದು ಒರಳು, ಒಂದು ಪರಾತ ತರಿಸಿ ಪಾಠ ಶುರುಮಾಡಿದ. ಸೊಂಟದ ಕೀಲು ಒರಳಿನ ಹಾಗೆ, ಗುಂಡು ಒಳಗೆ ಆಳಕ್ಕೆ ಕೂತಿರುತ್ತದೆ, ಸುಲಭಕ್ಕೆ ಅಲ್ಲಾಡುವುದಿಲ್ಲ. ಭುಜದ್ದು ಪರಾತದ ಅಂಚಿನಲ್ಲಿಟ್ಟ ನಿಂಬೆಹಣ್ಣು. ಅದನ್ನು ಜಾರದಂತೆ ಹಿಡಿದಿರುವವು ಸುತ್ತಲಿನ ನಾಲ್ಕು ಸ್ನಾಯುಗಳು, ಅವುಗಳ ಕಂಡರಗಳು. ಕೈ ತಲೆಯ ಮೇಲೂ ಹೋಗಬೇಕು, ಬೆನ್ನ ಹಿಂದೂ ಹೋಗಬೇಕು ಎಂಬ ಆಸೆಗಾಗಿ ಮೈ ಇಲ್ಲಿ ಭದ್ರತೆಯನ್ನು ಬಿಟ್ಟುಕೊಟ್ಟಿದೆ. ಆ ನಾಲ್ಕೂ ಕಂಡರ ಸವೆದು ಹರಿದುಹೋದವರಿಗೆ ಏನು ಮಾಡಬೇಕು ಎಂಬುದಕ್ಕೆ ಫ್ರಾನ್ಸಿನ ಪಾಲ್ ಗ್ರಾಮೊಂಟ್ 1985ರಲ್ಲಿ ತಲೆಕೆಳಗಾದ ಕೀಲೊಂದನ್ನು ಮಾಡಿದರು: ಗುಂಡು ಇದ್ದಲ್ಲಿ ಬಟ್ಟಲು, ಬಟ್ಟಲಿದ್ದಲ್ಲಿ ಗುಂಡು. ಇದನ್ನು ಹೇಳುವಾಗ ಹುಡುಗನ ಮುಖ ನೋಡಿ, ಇವನಿಗೆ ಬೇರೆ ಕೆಲಸ ಒಗ್ಗುವುದಿಲ್ಲ ಅಂದುಕೊಂಡೆ.

ಆದರೆ ಭುಜದ ಡಾಕ್ಟರಿಗೆ ಅನ್ನ ಹುಟ್ಟುವುದು ಎಲ್ಲಿ? ಬೆಂಗಳೂರಿನಲ್ಲಿ. ಅಲ್ಲಿ ಜಿಮ್ಮಿನ ಹುಡುಗರು, ಬ್ಯಾಡ್ಮಿಂಟನ್ ಆಡುವ ಸಾಫ್ಟ್‌ವೇರಿನವರು, ವಿಮೆಯ ಕಾರ್ಡು ಹಿಡಿದು ಬರುತ್ತಾರೆ. 2017ರಲ್ಲಿ ಕೆ.ಎಲ್. ರಾಹುಲ್ ಭುಜದ ಗಾಯದಿಂದ ಇಡೀ ಐಪಿಎಲ್ ಆಡಲಿಲ್ಲ. ಭುಜಕ್ಕೂ ಒಂದು ಆಪರೇಷನ್ ಇದೆ ಎಂದು ನಮ್ಮೂರ ಹುಡುಗರಿಗೆ ಗೊತ್ತಾದದ್ದೇ ಆಗ. ಜಿಲ್ಲಾ ಊರಿನಲ್ಲಿ ಎಲುಬಿನ ಡಾಕ್ಟರನ್ನು ಸಾಕುವುದು ಬೈಕಿನಿಂದ ಬಿದ್ದವರ ತೊಡೆ ಮತ್ತು ಮುದುಕರ ಮೊಳಕಾಲು. ಭುಜ ತಪ್ಪಿದರೆ ಎಳೆದು ಕೂಡಿಸಿ ಜೋಳಿಗೆ ಕಟ್ಟಿ ಕಳಿಸುತ್ತಾರೆ, ಅಷ್ಟೇ.

ಪೆನ್ಸಿಲ್ ದಪ್ಪದ ರಂಧ್ರದಿಂದ ಕ್ಯಾಮೆರಾ ಇಳಿಸಿ ಹರಿದ ಕಂಡರವನ್ನು ಎಲುಬಿಗೆ ಹೊಲಿಯುವ ಕೆಲಸಕ್ಕೆ ಯಂತ್ರ ಬೇಕು, ಮೊಳೆಯಂಥ ದುಬಾರಿ ಸಣ್ಣ ಸಾಮಾನು ಬೇಕು. ಅದನ್ನೆಲ್ಲ ಸಾಲ ಮಾಡಿಯಾದರೂ ತರಬಹುದು. ತರಲಾಗದ್ದು ಆಮೇಲಿನ ದಿನಗಳು. ಹೊಲಿದ ಮೇಲೆ ಸುಮಾರು ಆರು ವಾರ ಕೈ ಜೋಳಿಗೆಯಲ್ಲಿರಬೇಕು, ಅದರಾಚೆ ತಿಂಗಳುಗಟ್ಟಲೆ ವ್ಯಾಯಾಮ. ಡಿಸೆಂಬರ್ ಬಂದರೆ ನಮ್ಮಲ್ಲಿ ತೊಗರಿ ಕೊಯ್ಲು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿದ್ದನ್ನು ಪೇಪರಿನವರು ಹಬ್ಬದಂತೆ ಬರೆದರು. ಮಷಿನ್ನು ಬಂದಿದೆ, ನಿಜ; ಆದರೂ ಒಂದೆರಡು ಎಕರೆಯವರ ಕಣದಲ್ಲಿ ಬಡಿಗೆಯನ್ನು ತಲೆಯ ಮೇಲಕ್ಕೆತ್ತಿ ಬಡಿಯುವ ಹೆಂಗಸರನ್ನು ಈಗಲೂ ನೋಡಬಹುದು. ಆ ಭುಜ ಆರು ವಾರ ಸುಮ್ಮನಿದ್ದರೆ ಮನೆಯಲ್ಲಿ ಒಲೆ ಹೊತ್ತುವುದು ಹೇಗೆ? ಆಪರೇಷನ್ನಿಗೆ ದುಡ್ಡು ಹೊಂದಿಸಬಹುದು, ಸುಮ್ಮನೆ ಕೂಡಲಿಕ್ಕೆ ಯಾರು ಕೊಡುತ್ತಾರೆ?

ನಮ್ಮವ್ವನದು ಆಪರೇಷನ್ನಿನ ಭುಜವಲ್ಲ. ಒಂದು ಮುಂಜಾನೆ, "ಕುಬಸ ತೊಡಲಾಕ ಬರಲ್ಲಾಗ್ಯಾದ" ಎಂದಳು. ಮೊದಲು ತೋರಿಸಿದವರು ಕುತ್ತಿಗೆಯದೆಂದು ಪಟ್ಟಿ ಹಾಕಿದರು. ಸೊಲ್ಲಾಪುರಕ್ಕೆ ಒಯ್ಯಿರಿ ಎಂದರು ಊರವರು. ಆಳಂದ ಸೀಮೆಯವರಿಗೆ ದೊಡ್ಡ ಬ್ಯಾನಿ ಎಂದರೆ ಸೊಲ್ಲಾಪುರ. ಕೊನೆಗೆ ಹುಡುಗನೇ ರಜೆಗೆ ಬಂದಾಗ ನೋಡಿದ. ಅವಳ ಕೈಯನ್ನು ತಾನೇ ಎತ್ತಲು ನೋಡಿದ, ಬಾಗಿಲ ಅಗುಳಿ ಬಿದ್ದ ಹಾಗೆ ಅರ್ಧಕ್ಕೆ ನಿಂತಿತು. "ದೊಡ್ಡವ್ವ, ಇದು ಬಿಗದ ಭುಜ. ಸಕ್ಕರಿ ಬ್ಯಾನಿ ಇದ್ದವರಿಗೆ ಜಾಸ್ತಿ ಬರ್ತದ. ವರ್ಷ ಎರಡು ವರ್ಷ ಹಿಡೀತದ, ಬಹಳ ಮಟ್ಟಿಗೆ ತಾನೇ ಬಿಡ್ತದ" ಎಂದ. ಒಂಬತ್ತು ವರ್ಷ ಕಲಿತವನು ಕೊಯ್ಯದೆ ಬಿಟ್ಟದ್ದು ಅವ್ವನಿಗೆ ಅಷ್ಟಾಗಿ ರುಚಿಸಲಿಲ್ಲ. ಮೇಜು ಹಿಡಿದು ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಗಡಿಯಾರದ ಲೋಲಕದಂತೆ ತೂಗಿಸಲು ಕಲಿಸಿಕೊಟ್ಟ. "ಇದೇನ್ ಔಷಧೇನೋ, ತೊಟ್ಲಾ ತೂಗಿದಂಗ" ಎಂದು ಗೊಣಗುತ್ತಲೇ ತೂಗಿದಳು.

ಆ ತೂಗಾಟಕ್ಕೊಂದು ಹೆಸರಿದೆ, ಕಾಡ್‌ಮನ್ ವ್ಯಾಯಾಮ. ಅರ್ನೆಸ್ಟ್ ಕಾಡ್‌ಮನ್ ಬಾಸ್ಟನ್ನಿನ ಸರ್ಜನ್. 1934ರಲ್ಲಿ ಭುಜದ ಮೇಲೆ ದೊಡ್ಡ ಪುಸ್ತಕ ಬರೆದವರು, 'ಫ್ರೋಜನ್ ಶೋಲ್ಡರ್' ಎಂಬ ಹೆಸರನ್ನೂ ಕೊಟ್ಟವರು. ಅವರ ವೃತ್ತಿ ಮಾತ್ರ ಅದಕ್ಕೂ ಮೊದಲೇ ಮುರಿದಿತ್ತು. ಆಪರೇಷನ್ ಆದ ವರ್ಷದ ಮೇಲೆ ಪ್ರತಿ ರೋಗಿಯನ್ನೂ ವಿಚಾರಿಸಬೇಕು, ಗುಣವಾಗದಿದ್ದರೆ ಯಾಕೆ ಎಂದು ಬರೆದಿಡಬೇಕು ಎಂದು ಅವರು ಹಟ ಹಿಡಿದರು. 1911ರಿಂದ 1916ರವರೆಗೆ ತಮ್ಮ ಸಣ್ಣ ಆಸ್ಪತ್ರೆಯಿಂದ ಮನೆಗೆ ಹೋದ 337 ರೋಗಿಗಳಲ್ಲಿ 123 ತಪ್ಪುಗಳಾಗಿವೆ ಎಂದು ತಾವೇ ಅಚ್ಚು ಹಾಕಿಸಿದರು. ಊರಿನ ದೊಡ್ಡ ಡಾಕ್ಟರುಗಳನ್ನು ಮರಳಲ್ಲಿ ತಲೆ ಹೂತ ಉಷ್ಟ್ರಪಕ್ಷಿಯ ವ್ಯಂಗ್ಯಚಿತ್ರದಿಂದ ಕೆಣಕಿದ್ದೂ ಉಂಟು. ಯಾರು ಸಹಿಸುತ್ತಾರೆ? 1940ರಲ್ಲಿ ತೀರಿಕೊಂಡರು, ಗೋರಿಗೆ ಕಲ್ಲು ಬಿದ್ದದ್ದು 2014ರಲ್ಲಿ, ಡಾಕ್ಟರುಗಳೇ ಮುಂದಾಗಿ ಹಾಕಿಸಿದ್ದು.

ಈ ಕತೆಯನ್ನು ಹುಡುಗ ನನಗೆ ಹೇಳಿದ್ದು ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸ ಕೈಯಲ್ಲಿದ್ದ ವಾರ. ಆಮೇಲೆ ಕಲಬುರಗಿಗೆ ಬಂದ. ಖಾಸಗಿ ಆಸ್ಪತ್ರೆಯೊಂದರಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಸಿಕ್ಕ ಎಲುಬೆಲ್ಲ ಜೋಡಿಸುತ್ತಾನೆ, ಶನಿವಾರ ಭುಜ ಮಾತ್ರ. ಕೆಲವು ಶನಿವಾರ ಇಬ್ಬರು ಬರುತ್ತಾರೆ, ಕೆಲವು ಶನಿವಾರ ಯಾರೂ ಇಲ್ಲ. ಕಾಕಾ ಈಗಲೂ ತಿಂಗಳಿಗೊಮ್ಮೆ ಅವನ ಗಳಿಕೆ ಕೇಳಿ ಸುಮ್ಮನಾಗುತ್ತಾನೆ. ನನಗೂ ಇದು ನಡೆಯುತ್ತದೆ ಎಂಬ ಭರವಸೆ ಪೂರಾ ಇಲ್ಲ. ಆದರೆ ಬೆಂಗಳೂರಿಗೆ ಹೊರಡು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಅವನ ಬಳಿ ಉದ್ದನೆಯ ಒಂದು ವಹಿ ಇದೆ. ಹೊಲಿದ ಭುಜಗಳಿಗೆ ವರ್ಷ ತುಂಬಿದ ಕೂಡಲೇ ಫೋನು ಮಾಡಿ, ಕೈ ಎಷ್ಟು ಏಳುತ್ತದೆ ಎಂದು ಕೇಳಿ ಬರೆಯುತ್ತಾನೆ. ಮೊನ್ನೆ ನಾನು ಹೋದಾಗ ಅಫಜಲಪುರದ ಕಡೆಯ ಹೆಂಗಸೊಬ್ಬಳ ಜೊತೆ ಮಾತಾಡುತ್ತಿದ್ದ. "ಈ ಸರ್ತಿ ತೊಗರಿ ನಾನೇ ಬಡದೀನ್ರಿ ಸರ, ರಾತ್ರಿ ಬ್ಯಾನಿ ಆಗ್ತದ, ಆದ್ರ ಬಡದೀನಿ" ಎಂಬ ದನಿ ನನಗೂ ಕೇಳಿಸಿತು. ಫೋನಿಟ್ಟು ಪೆನ್ನು ಹಿಡಿದು ಕುಳಿತ. ವಹಿಯಲ್ಲಿ ಎರಡೇ ಮನೆ, ಗುಣವಾಯಿತು, ಆಗಲಿಲ್ಲ. "ಇದನ್ನ ಎದರಾಗ ಬರೀಲಿ, ಅಣ್ಣಾ?" ಎಂದು ಕೇಳಿದ.