ಕಾಣದೆಡೆಯ ಕಾಯಕ

ಶರಣರು ಕಾಯಕವನ್ನು ಅಳೆದದ್ದು ಅದರ ಗಾತ್ರದಿಂದಲ್ಲ, ಶುದ್ಧಿಯಿಂದ. ಹಗ್ಗ ಹೊಸೆದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಿದಿರು ಹೆಣೆದ ಮೇದಾರ ಕೇತಯ್ಯ ಇವರೆಲ್ಲರೂ 12ನೆಯ ಶತಮಾನದ ಶರಣಸಂಕುಲದಲ್ಲಿ ಸಮಾನ ಗೌರವಕ್ಕೆ ಪಾತ್ರರಾದುದು ಈ ಕಾರಣದಿಂದಲೇ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಸರ್ವವಿದಿತ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆ ಮಹಾತಾಯಿ ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ತಿಳಿಹೇಳಿದಳು. ಆ ಅಕ್ಕಿಯನ್ನು ಎಣಿಸುವವರು ಬೇರೆ ಯಾರೂ ಇರಲಿಲ್ಲ. ಲೋಕದ ಕಣ್ಣು ಬೀಳದೆಡೆಯಲ್ಲಿಯೂ ತನ್ನ ಮನಸ್ಸು ಕಾಣುತ್ತಿರುತ್ತದೆ ಎಂಬುದೇ ಈ ಪ್ರಸಂಗದ ಸಾರ.

ನೋಡುವವರಿಗೆ ಆಟಿಕೆಯಂತೆ ತೋರುವ ಕೆಲಸಕ್ಕೂ ಈ ತತ್ತ್ವ ಅನ್ವಯಿಸುವುದೇ? ಮಾಕುಟ್ಟದ ಭಕ್ತರೊಬ್ಬರ ಅನುಭವ ಇದಕ್ಕೆ ಉತ್ತರವಾಗಿದೆ.

ಮಾಕುಟ್ಟವು ವಿರಾಜಪೇಟೆಯಿಂದ ಕೇರಳದ ಇರಿಟ್ಟಿಗೆ ಇಳಿಯುವ ಘಟ್ಟದ ಹಾದಿಯಲ್ಲಿ, ದಟ್ಟ ಕಾಡಿನ ನಡುವೆ ಇರುವ ಗಡಿಯ ಊರು. ಕೊಡಗು ಜಿಲ್ಲೆಯಲ್ಲಿ ಇಂದಿಗೂ ರೈಲು ಮಾರ್ಗವಿಲ್ಲ. ಇಲ್ಲಿಯ ಮಕ್ಕಳು ರೈಲನ್ನು ಕಾಣಬೇಕಾದರೆ ಘಟ್ಟವಿಳಿದು ತಲಶ್ಶೇರಿಗೋ ಕಣ್ಣೂರಿಗೋ ಹೋಗಬೇಕು, ಇಲ್ಲವೇ ಮೈಸೂರಿಗೆ ತೆರಳಬೇಕು. ಈ ಕೊರತೆಯನ್ನು ಮನಗಂಡ ಆ ಹಿರಿಯರು ನಿವೃತ್ತಿಯ ನಂತರ ಮಾದರಿ ರೈಲೊಂದನ್ನು ಕಟ್ಟತೊಡಗಿದರು. ಅವರು ಆರಿಸಿಕೊಂಡದ್ದು ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮಾರ್ಗ. 1979ರಲ್ಲಿ ಮೀಟರ್‌ಗೇಜ್ ಆಗಿ ತೆರೆದು ಮುಂದೆ ಬ್ರಾಡ್‌ಗೇಜ್ ಆದ ಈ ಮಾರ್ಗ ಸುಮಾರು 55 ಕಿ.ಮೀ. ಉದ್ದದ್ದು, ಅದರಲ್ಲಿ 57 ಸುರಂಗಗಳಿವೆ, 50 ಅಡಿ ಸಾಗಿದರೆ 1 ಅಡಿ ಏರುತ್ತದೆ. ಮಾದರಿಯ ಅಳತೆ 87ರಲ್ಲಿ ಒಂದು ಪಾಲು. 21 ಮೀಟರಿಗೂ ಮಿಗಿಲಾದ ಬೋಗಿಯು ಇಲ್ಲಿ ಒಂದು ಗೇಣಿಗಿಂತ ತುಸು ಉದ್ದವಾಗುತ್ತದೆ. ಎರಡು ಹಳಿಗಳ ನಡುವಿನ ಅಂತರ ಕೇವಲ 16.5 ಮಿಲಿಮೀಟರ್. ಐವತ್ತೇಳು ಸುರಂಗಗಳಿಗೆ ಬದಲಾಗಿ ಎರಡನ್ನಷ್ಟೇ ಅವರು ನಿರ್ಮಿಸಿದರು.

ಇಂಥ ಮಾದರಿಯಲ್ಲಿ ಕಣ್ಣಿಗೆ ಕಾಣುವುದು ಅಲ್ಪ, ಕಾಣದಿರುವುದು ಅಪಾರ. ಎಂಜಿನ್‌ಗೆ ವಿದ್ಯುತ್ತು ಬರುವುದು ಹಳಿಯ ಮೂಲಕವೇ. ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ. ಹಳಿಯ ಮೇಲೆ ಧೂಳಿನ ತೆಳುವಾದ ಪೊರೆ ಕುಳಿತರೂ ಬಂಡಿ ನಿಲ್ಲುತ್ತದೆ. ಆದ್ದರಿಂದ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಹಳಿಯನ್ನು ಮತ್ತೆ ಮತ್ತೆ ಒರೆಸಬೇಕು. ಹಲಗೆಯ ಕೆಳಗೆ ಹತ್ತಾರು ತಂತಿಗಳಿಗೆ ಬೆಸುಗೆ ಹಾಕಬೇಕು. ಶರಣರು ಹೇಳಿದ ಅಂತರಂಗ ಬಹಿರಂಗಗಳ ಸಂಬಂಧಕ್ಕೆ ಇದಕ್ಕಿಂತ ಸರಳ ದೃಷ್ಟಾಂತ ಬೇಕೆ?

ವಿರಾಜಪೇಟೆಯ ಶಾಲೆಯೊಂದರಲ್ಲಿ ಮಾದರಿಯ ಮೊದಲ ಪ್ರದರ್ಶನವೆಂದು ಗೊತ್ತಾಯಿತು. ಮೂರು ದಿನಗಳು ಉಳಿದಿರುವಾಗ ಮಳೆ ಹಿಡಿಯಿತು. ತೇವಕ್ಕೆ ಪ್ಲೈವುಡ್ ಉಬ್ಬಿ, ದೊಡ್ಡ ಗುಡ್ಡದೊಳಗಿನ ಸುರಂಗದಲ್ಲಿ ಹಳಿಯ ಜೋಡಣೆ ಕೂದಲೆಳೆಯಷ್ಟು ಸರಿಯಿತು. ಅಲ್ಲಿಗೆ ಬಂದ ಬಂಡಿ ಪ್ರತಿ ಸಲವೂ ಹಳಿ ತಪ್ಪುತ್ತಿತ್ತು. ಪ್ಲಾಸ್ಟರಿನಿಂದ ಮಾಡಿ, ಬಣ್ಣ ಬಳಿದು, ಪಾಚಿ ಅಂಟಿಸಿದ ಆ ಗುಡ್ಡ ನಾಲ್ಕು ತಿಂಗಳ ಶ್ರಮದ ಫಲ. ಹಿಂದಿನ ಮಾರ್ಗವನ್ನು ಬಿಟ್ಟು ಮುಂದಿನ ಹಳಿಯಲ್ಲಿಯೇ ಬಂಡಿಯನ್ನು ಓಡಿಸಿದರೆ ನೋಡುವವರಿಗೆ ತಿಳಿಯುವಂತಿರಲಿಲ್ಲ. ಅವರು ಹಾಗೆಯೇ ನಿಶ್ಚಯಿಸಿದರು. ಆಗ ಅವರ ಧರ್ಮಪತ್ನಿ, “ಮಕ್ಕಳಿಗೆ ಗೊತ್ತಾಗಲಿಕ್ಕಿಲ್ಲ, ನಿಮಗೆ ಗೊತ್ತಿರುತ್ತದಲ್ಲ. ಸುರಂಗ ತೋರಿಸಿ ರೈಲು ಬಿಡದೆ ಇದ್ದರೆ ಹೇಗೆ?” ಎಂದರು. ಅಷ್ಟೇ ಮಾತು. ಲಕ್ಕಮ್ಮನ ನುಡಿ ಎಂಟು ಶತಮಾನಗಳ ಈಚೆಗೂ ಮನೆಮನೆಯಲ್ಲಿ ಹೀಗೆ ಬದುಕಿದೆ.

ಆ ರಾತ್ರಿಯೇ ಗುಡ್ಡದ ಹಿಂಬದಿಯನ್ನು ಕತ್ತರಿಸಿ ತೆಗೆದರು. ಹಳಿಯನ್ನು ಕಿತ್ತು, ಉಬ್ಬಿದ ಹಲಗೆಯನ್ನು ಉಪ್ಪುಕಾಗದದಿಂದ ಸವೆಸಿ, ಹೊಸದಾಗಿ ಜೋಡಿಸಿದರು. ಗುಡ್ಡವನ್ನು ಮತ್ತೆ ಮುಚ್ಚಲು ಸಮಯವಿರಲಿಲ್ಲ. ಬೆನ್ನು ತೆರೆದ ಗುಡ್ಡದೊಡನೆಯೇ ಮಾದರಿಯು ಜೀಪಿನಲ್ಲಿ ಘಟ್ಟವನ್ನೇರಿತು. ಪ್ರದರ್ಶನದ ದಿನ ಮಕ್ಕಳು ಮುಂಭಾಗವನ್ನು ನೋಡಿ ಮುಗಿಸಿ ಹಿಂಬದಿಗೆ ಮುತ್ತಿದರು. ಗುಡ್ಡದ ಹೊಟ್ಟೆಯೊಳಗೆ ರೈಲು ಹಾದುಹೋಗುವುದನ್ನು ಕಾಣಲು ಒಬ್ಬರ ಹೆಗಲ ಮೇಲೊಬ್ಬರು ಬಾಗಿದರು. ಕಟ್ಟಿದವರ ಹೆಸರನ್ನು ಯಾರೂ ಕೇಳಲಿಲ್ಲ. ಆ ಹಿರಿಯರಿಗೆ ಅದರಿಂದ ಬೇಸರವೂ ಆಗಲಿಲ್ಲ.

ಪ್ರದರ್ಶನವೆಂಬುದು ಅಪಾಯದ ಮಾತು. ‘ನಾನು ಮಾಡಿದೆ’ ಎಂಬ ಭಾವ ಅಲ್ಲಿ ಸುಲಭವಾಗಿ ಹೊಕ್ಕುಬಿಡುತ್ತದೆ. ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಅಂತರ ಇಲ್ಲಿಯೇ ಇದೆ: ಕೊಡುವವನು ಮುಂದೆ ನಿಂತರೆ ದಾನ, ಕೊಡುವವನು ಮರೆಯಾದರೆ ದಾಸೋಹ. ರೈಲನ್ನೇ ಕಾಣದ ಮಕ್ಕಳಿಗೆ ರೈಲನ್ನು ಕಾಣಿಸಿ, ತಾನು ಹಿಂದೆ ಸರಿದು ನಿಂತಾಗ ಆ ಆಟಿಕೆಯೂ ದಾಸೋಹವಾಯಿತು. ದೋಷವನ್ನು ಮುಚ್ಚಿಡದೆ ತಿದ್ದಿದಾಗ ಆ ಹವ್ಯಾಸವೂ ಕಾಯಕವಾಯಿತು.

ಪ್ರತಿಯೊಬ್ಬ ಭಕ್ತನ ಬದುಕಿನಲ್ಲಿಯೂ ಇಂಥ ಒಂದು ಮುಚ್ಚಿದ ಸುರಂಗವಿರುತ್ತದೆ. ಅದನ್ನು ಬಳಸಿಕೊಂಡು ಹೋಗುವುದು ಸುಲಭ; ತೆರೆದು ಸರಿಪಡಿಸುವುದು ಸಾಧನೆ. ಶರಣರ ದಾರಿ ಎರಡನೆಯದು.